ಕೇಳಿಸ್ಕೊಂಡು ನುಡಿಸೋನ ಪಾಡು

"ನೀನು ಕೇಳಿಸ್ಕೊಂಡು ನುಡಿಸ್ತೀಯ ಕಣೋ, ಅದೇ ನಿನ್ ಪ್ರಾಬ್ಲಂ."

ಇದನ್ನ ಹೇಳಿದ್ದು ಒಬ್ಬ ಡ್ರಮ್ಮರ್. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡೋರು, ಟೂರ್‌ನಲ್ಲಿ ಎಲ್ರೂ ಅವರನ್ನ ಅಣ್ಣ ಅಂತಾನೇ ಕರೀತಿದ್ವಿ. ಸೌಂಡ್‌ಚೆಕ್ ಆಗತಾನೇ ಮುಗಿದಿತ್ತು, ನಾನು ಬೇಸ್ ಗಿಟಾರ್‌ನ ಸ್ಟ್ಯಾಂಡಿಗೆ ಇಡ್ತಿದ್ದೆ, ಅವರು ಸ್ನೇರ್ ಬಿಗಿ ಮಾಡ್ತಾ ತಲೆ ಕೂಡ ಎತ್ತದೆ ಹೇಳಿದ್ರು. ಬೈದಿದ್ದೋ ಹೊಗಳಿದ್ದೋ ಅಂತ ಒಂದು ಕ್ಷಣ ಗೊತ್ತಾಗ್ಲಿಲ್ಲ. ಯಾಕಂದ್ರೆ ನಾಲ್ಕು ವರ್ಷ ಆನ್‌ಲೈನ್‌ನಲ್ಲಿ ಬೇಸ್ ಕಲಿತಾಗ ನಂಗೆ ಸಿಕ್ಕಿದ ಒಂದೇ ಒಂದು ಗಟ್ಟಿ ಶಹಬ್ಬಾಸ್‌ಗಿರಿ ಅಂದ್ರೆ "ನಿನ್ನ ಕಿವಿ ಚೆನ್ನಾಗಿದೆ, ಕೇಳಿಸ್ಕೊಂಡು ನುಡಿಸ್ತೀಯ" ಅನ್ನೋದು. ಅದೇ ಮಾತನ್ನ ಈ ಮನುಷ್ಯ ಕಾಯಿಲೆ ಹೆಸರು ಹೇಳೋ ಥರ ಹೇಳ್ತಿದ್ದಾರಲ್ಲ ಅಂತ ಅನ್ನಿಸ್ತು.

ನಾನು ಆ ಟೂರ್‌ಗೆ ಹೋಗಿದ್ದು ನುಡಿಸೋಕೆ ಅಲ್ಲ. ಕೇಸ್ ಹೊರೋಕೆ, ಕೇಬಲ್ ಹಾಕೋಕೆ, ಸ್ಟೇಜ್ ಮೇಲೆ ಯಾರಿಗೆ ಏನು ಬೇಕೋ ಓಡಿ ಕೊಡೋಕೆ. ಬೇಸ್ ನುಡಿಸೋರಿಗೆ ಜ್ವರ ಬಂತು ಅಂತ ಒಂದು ಸಂಜೆ ಮಟ್ಟಿಗೆ ನನ್ನ ನಿಲ್ಲಿಸಿದ್ರು. ಎಲ್ಲಾ ಹಾಡೂ ನಂಗೆ ಬಾಯಿಪಾಠ ಇತ್ತು, ಸ್ವರ ಒಂದೂ ತಪ್ಪಲಿಲ್ಲ, ಆದ್ರೂ ಸೌಂಡ್‌ಚೆಕ್ ಪೂರ್ತಿ ಹಾಡುಗಳು ಒಂಥರಾ ಒದ್ದೆ ಬಟ್ಟೆ ಹೊತ್ಕೊಂಡು ನಡೆದ ಹಾಗೆ ನಡೀತಿದ್ವು. ಯಾರೂ ಏನೂ ಹೇಳ್ಲಿಲ್ಲ, ಕೀಬೋರ್ಡ್‌ನವರು ಒಂದ್ಸಲ ನನ್ನ ಕಡೆ ನೋಡಿ ಬೇರೆ ಕಡೆ ತಿರುಗಿದ್ರು, ಅಷ್ಟೇ. ಶೋ ಹೇಗೋ ಆಯ್ತು. ಆದ್ರೆ ಅಣ್ಣನ ಆ ಮಾತು ತಲೇಲಿ ಕೂತುಬಿಡ್ತು, ಇವತ್ತಿಗೂ ಇಳಿದಿಲ್ಲ, ಅದನ್ನ ಇಳಿಸೋಕೇ ಇದನ್ನ ಬರೀತಿರೋದು ಅಂದ್ಕೊಳ್ಳಿ.

ಒಬ್ಬರಾದ್ಮೇಲೆ ಒಬ್ಬರು

ಆನ್‌ಲೈನ್ ಮ್ಯೂಸಿಕ್ ಕ್ಲಾಸ್ ತಗೊಂಡೋರಿಗೆಲ್ಲ ಈ ಕ್ರಮ ಗೊತ್ತೇ ಇರುತ್ತೆ. ಮೇಷ್ಟ್ರು ನುಡಿಸ್ತಾರೆ, ನಾವು ಸುಮ್ನಿರ್ತೀವಿ. ಅವರು ನಿಲ್ಲಿಸ್ತಾರೆ, ನಾವು ನುಡಿಸ್ತೀವಿ. ಒಬ್ಬರಾದ್ಮೇಲೆ ಒಬ್ಬರು, ಕ್ಯೂನಲ್ಲಿ ನಿಂತ ಹಾಗೆ. ಇದು ಪಾಠದ ಪದ್ಧತಿ ಅಂತ ನಾನು ಎಷ್ಟೋ ದಿನ ಅಂದ್ಕೊಂಡಿದ್ದೆ, ಆದ್ರೆ ಇದು ಪದ್ಧತಿ ಅಲ್ಲ, ಬೇರೆ ದಾರಿ ಇಲ್ಲ ಅಂತ ಹಿಂಗೆ. ಸಾಧಾರಣ ವಿಡಿಯೋ ಕಾಲ್‌ನಲ್ಲಿ ನನ್ನ ಧ್ವನಿ ಆ ಕಡೆ ಮುಟ್ಟೋಕೆ ನೂರು, ನೂರೈವತ್ತು ಮಿಲಿಸೆಕೆಂಡ್ ಆರಾಮಾಗಿ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮಾತಾಡೋಕೆ ಇದು ಏನೇನೂ ಅಲ್ಲ. ಆದ್ರೆ 120 ಬಿಪಿಎಂ, ಅಂದ್ರೆ ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. ಅಂದ್ರೆ ನಾನು ಒಂದನೇ ಹೊಡೆತ ಹೊಡೆದಿದ್ದು ಮೇಷ್ಟ್ರಿಗೆ ಕೇಳೋ ಹೊತ್ತಿಗೆ ನನ್ನ ಬೆರಳು ಮುಂದಿನ ಕಾಲು ಬೀಟ್ ದಾಟಿ ಹೋಗಿರುತ್ತೆ.

ಒಂದ್ಸಲ ಹಠಕ್ಕೆ ಬಿದ್ದು ಟ್ರೈ ಮಾಡಿದ್ವಿ. "ಸಾರ್, ಒಂದೇ ಒಂದ್ಸಲ ಜೊತೇಲಿ ನುಡಿಸೋಣ" ಅಂದೆ. ಅವರು ನಕ್ಕು ಸರಿ ಅಂದ್ರು, ಸುಲಭದ ನಾಲ್ಕು ಬಾರ್‌ಗಳ (ಬಾರ್ ಅಂದ್ರೆ ತಾಳದ ಒಂದು ಆವರ್ತ ಅಂದ್ಕೊಳ್ಳಿ) ಒಂದು ಗ್ರೂವ್, ಅಂದ್ರೆ ಸುತ್ತಿ ಸುತ್ತಿ ಬರೋ ಲಯದ ತುಣುಕು, ತಗೊಂಡ್ವಿ. ಮೊದಲನೇ ಸುತ್ತಿಗೇ ನಂಗೆ ಅವರು ಹಿಂದೆ ಬೀಳ್ತಿದ್ದಾರೆ ಅನ್ನಿಸ್ತು, ಮೇಷ್ಟ್ರಲ್ವಾ ಅಂತ ಮರ್ಯಾದೆಗೆ ನಾನು ಸ್ವಲ್ಪ ನಿಧಾನ ಮಾಡ್ದೆ. ಆ ಕಡೆ ಅವರಿಗೆ ನಾನು ಹಿಂದೆ ಬೀಳ್ತಿದ್ದೀನಿ ಅನ್ನಿಸಿದೆ, ಪಾಪ ಹುಡುಗ ಅಂತ ಅವರೂ ನಿಧಾನ ಮಾಡಿದ್ರು. ಅವರು ನಿಧಾನ ಆಗಿದ್ದು ನಂಗೆ ಕೇಳಿ ನಾನು ಇನ್ನೂ ನಿಧಾನ. "ನೀವು ಮೊದಲು, ಇಲ್ಲ ನೀವು ಮೊದಲು" ಅಂತ ಬಾಗಿಲ ಹತ್ರ ಇಬ್ರು ನಿಂತುಬಿಡ್ತಾರಲ್ಲ, ಹಾಗಾಯ್ತು. ಎಂಟನೇ ಬಾರ್‌ಗೆ ಹಾಡು ತೆವಳ್ತಿತ್ತು, ಹನ್ನೆರಡಕ್ಕೆ ಇಬ್ರೂ ನಗ್ತಾ ನಿಲ್ಲಿಸಿದ್ವಿ. ನಂತರ ಓದ್ದಾಗ ಗೊತ್ತಾಯ್ತು, ಇದು ನಮ್ಮಿಬ್ಬರ ದಡ್ಡತನ ಅಲ್ಲ, ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ ಚೇಫ್ ಅನ್ನೋರು ಇದನ್ನೇ ಚಪ್ಪಾಳೆ ತಟ್ಟಿಸಿ ಅಳೆದು ನೋಡಿದ್ದಾರೆ. ಇಬ್ಬರ ನಡುವಿನ ತಡ ಜಾಸ್ತಿ ಆದ ಹಾಗೆ ವೇಗ ತಾನಾಗೇ ಕುಸಿಯುತ್ತೆ. ಸುಮಾರು 25 ಮಿಲಿಸೆಕೆಂಡ್ ಒಳಗಿದ್ರೆ ಹೇಗೋ ಸಂಸಾರ ಸಾಗುತ್ತೆ, ಅದರ ಮೇಲೆ ಹೋದ್ರೆ ಕಷ್ಟ. ಅದಕ್ಕೆ ಅಂತಾನೇ ಅವರು ಮತ್ತೆ ಅವರ ಜೊತೆಯವರು ಜಾಕ್‌ಟ್ರಿಪ್ ಅನ್ನೋ ಸಾಫ್ಟ್‌ವೇರ್ ಕಟ್ಟಿದ್ದಾರೆ. ಆದ್ರೆ ಫೈಬರ್ ಒಳಗೆ ಬೆಳಕು ಸಾವಿರ ಕಿಲೋಮೀಟರ್ ಹೋಗೋಕೇ 5 ಮಿಲಿಸೆಕೆಂಡ್ ತಗೊಳ್ಳುತ್ತೆ, ಅದರ ಮೇಲೆ ರೌಟರು, ವೈಫೈ, ಬಫರು ಅಂತ ಒಬ್ಬೊಬ್ಬರೂ ತಮ್ಮ ಪಾಲು ಕಿತ್ಕೊಳ್ತಾರೆ. ಎಷ್ಟೇ ಒಳ್ಳೆ ಸಾಫ್ಟ್‌ವೇರ್ ಆದ್ರೂ ದೂರ ದೂರಾನೇ.

ಇನ್ನೊಂದು ತಮಾಷೆ ಇದೆ. ಈ ಕಾಲ್ ಆ್ಯಪ್‌ಗಳು ಮನುಷ್ಯರ ಮಾತಿಗೆ ಅಂತ ಮಾಡಿದ್ದು, ಅವಕ್ಕೆ ಒಂದೇ ಸಮ ಬರ್ತಿರೋ ಶಬ್ದ ಅಂದ್ರೆ ಫ್ಯಾನು, ಏಸಿ, ಅಂದ್ರೆ ಕಸ. ನಾನು ಕೆಳಗಿನ ಇ ತಂತಿ ಮೀಟಿ ಹಂಗೇ ಬಿಟ್ರೆ ಮೇಷ್ಟ್ರಿಗೆ "ಡುಂ" ಅಂತ ಶುರು ಮಾತ್ರ ಕೇಳಿ ಬಾಲ ಮಾಯ. ಶ್ರುತಿ ಪೆಟ್ಟಿಗೆ ಹಾಕ್ಕೊಂಡು ಹಾಡು ಕಲಿಯೋ ನನ್ನ ಫ್ರೆಂಡ್ ಒಬ್ಬಳಿಗೆ ಇನ್ನೂ ದೊಡ್ಡ ಕಥೆ, ಶ್ರುತಿನೇ ಗದ್ದಲ ಅಂದ್ಕೊಂಡು ಆ್ಯಪ್ ಅದನ್ನ ಅಳಿಸಿಬಿಡ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ನಾಯ್ಸ್ ಸಪ್ರೆಷನ್, ಎಕೋ ಕ್ಯಾನ್ಸಲೇಷನ್ ಎಲ್ಲ ಆಫ್ ಮಾಡಿ ಹೆಡ್‌ಫೋನ್ ಹಾಕ್ಕೊಳ್ಳಿ ಅಂತ ಮೊದಲನೇ ದಿನವೇ ಯಾರಾದ್ರೂ ಹೇಳಿದ್ರೆ ನಮ್ಮಿಬ್ಬರ ಮೂರು ತಿಂಗಳು ಉಳೀತಿತ್ತು.

ರೆಕಾರ್ಡೆಡ್ ಕೋರ್ಸ್‌ಗಳೂ ಮಾಡ್ದೆ, ಬ್ಯಾಕಿಂಗ್ ಟ್ರ್ಯಾಕ್ ಜೊತೆ ಗಂಟೆಗಟ್ಟಲೆ ನುಡಿಸ್ದೆ. ಅದು ಜೊತೇಲಿ ನುಡಿಸಿದ ಹಾಗೇ ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಟ್ರ್ಯಾಕ್ ಯಾವತ್ತೂ ನನ್ನ ಕೇಳಿಸ್ಕೊಳ್ಳಲ್ಲ, ನಾನು ಇಪ್ಪತ್ತು ಮಿಲಿಸೆಕೆಂಡ್ ಹಿಂದಿದ್ರೆ ಅದಕ್ಕೇನೂ ಬೇಜಾರಿಲ್ಲ, ಮುಖ ಗಂಟಿಕ್ಕಲ್ಲ. ರಿವೈಂಡ್ ಮಾಡಿ ಕೇಳಿ, ಪಾಸ್ ಮಾಡಿ, ಸ್ಪೀಡ್ ಕಮ್ಮಿ ಮಾಡಿ, ಸರಿ ಹೋಗೋವರೆಗೆ ಒಂದು ಬಾರನ್ನ ಲೂಪ್‌ಗೆ ಹಾಕಿ, ಹೀಗೆ ಕೈ ಬಹಳ ಚೆನ್ನಾಗಿ ತಯಾರಾಯ್ತು. ಹಾಡ್ತಾ ಹಾಡ್ತಾ ರಾಗ ಅಂತಾರೆ. ಯಾರ ಜೊತೆ ಹಾಡ್ತಾ ಅಂತ ಗಾದೆ ಹೇಳಲ್ಲ ನೋಡಿ.

ಹೀಗೆ ನಾಲ್ಕು ವರ್ಷದಲ್ಲಿ ನಂಗೆ ಗೊತ್ತಾಗದ ಹಾಗೇ ಒಂದು ಚಟ ಬೆಳೆದಿತ್ತು. ಮೊದಲು ಕಿವಿಗೆ ಬೀಳಬೇಕು, ಆಮೇಲೆ ಬೆರಳು. ಕಿಕ್ ಡ್ರಮ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಕೇಳಿಸ್ತು, ಈಗ ನುಡಿಸು. ಆದ್ರೆ ಕಿಕ್ ಕೇಳಿಸಿದ ಮೇಲೆ ನುಡಿಸಿದ್ರೆ ಆಗಲೇ ತಡ ಆಗಿರುತ್ತೆ.

ಗಾಳಿಗೂ ಲ್ಯಾಗ್ ಇದೆ

ನೆಟ್‌ವರ್ಕ್‌ನ ಬೈಕೊಂಡು ಸುಮ್ಮನಾಗಬಹುದಿತ್ತು, ಆದ್ರೆ ಸ್ಟೇಜ್ ಮೇಲೆ ನೆಟ್‌ವರ್ಕ್ ಎಲ್ಲಿಂದ ಬಂತು? ಆ ರಾತ್ರಿ ಬಸ್ಸಲ್ಲಿ ನಿದ್ದೆ ಬರದೆ ಲೆಕ್ಕ ಹಾಕ್ತಾ ಕೂತಿದ್ದೆ. ಶಬ್ದ ಸಾಧಾರಣ ಹವೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದ್ರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್, ಹೆಚ್ಚೂ ಕಮ್ಮಿ ಒಂದು ಅಡಿ ಪಟ್ಟಿ ಉದ್ದ. ಆ 25 ಮಿಲಿಸೆಕೆಂಡ್ ಗಡಿ ಇದೆಯಲ್ಲ, ಅದು ಗಾಳಿಯಲ್ಲಿ ಎಂಟೂವರೆ ಮೀಟರ್. ದೊಡ್ಡ ಸ್ಟೇಜ್‌ನ ಒಂದು ತುದೀಲಿ ಬೇಸ್, ಇನ್ನೊಂದು ಕಡೆ ಹಿಂದೆ ಡ್ರಮ್ಸ್ ಇದ್ರೆ ಅಷ್ಟು ದೂರ ಸಲೀಸಾಗಿ ಆಗುತ್ತೆ. ಅಂದ್ರೆ ಎದುರಿಗೇ ಕೂತಿರೋ ಡ್ರಮ್ಮರ್ ಕೂಡ ಒಳ್ಳೇ ಇಂಟರ್ನೆಟ್ ಇರೋ ಬೇರೆ ಊರಿನವನಷ್ಟೇ ದೂರ. ಇದನ್ನ ಯೋಚಿಸಿದಾಗ ನಂಗೆ ನಿಜವಾಗ್ಲೂ ಮೈ ಜುಂ ಅಂತು. ಆನ್‌ಲೈನ್ ಪಾಠದಲ್ಲಿ ಮಾತ್ರ ಇದೆ ಅಂದ್ಕೊಂಡಿದ್ದ ಕಾಯಿಲೆ ಸಂಗೀತಗಾರರಿಗೆ ಇಂಟರ್ನೆಟ್ ಹುಟ್ಟೋಕೆ ಮುಂಚೆಯಿಂದ್ಲೂ ಇದೆ, ಅವರು ಅದಕ್ಕೆ ಮದ್ದೂ ಕಂಡ್ಕೊಂಡಿದ್ದಾರೆ.

ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಲ್ಲಿ ಕೂರೋ ಹಿತ್ತಾಳೆ ವಾದ್ಯದವರು, ತಾಳವಾದ್ಯದವರು ಮುಂದಿನ ವಯಲಿನ್‌ಗಳನ್ನ ಕೇಳಿಸ್ಕೊಂಡು ನುಡಿಸಿದ್ರೆ ಸಭೆಗೆ ತಡವಾಗಿ ಕೇಳುತ್ತೆ, ಅದಕ್ಕೆ ಅವರು ಕಿವಿಗಿಂತ ಕಂಡಕ್ಟರ್ ಕೋಲನ್ನ ನಂಬ್ತಾರೆ. ಬೆಳಕಿಗೆ ಲ್ಯಾಗ್ ಇಲ್ವಲ್ಲ, ಇದ್ರೂ ಲೆಕ್ಕಕ್ಕಿಲ್ಲ. ಇನ್ನು 1965ರ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ನುಡಿಸಿದಾಗ ಐವತ್ತೈದು ಸಾವಿರಕ್ಕೂ ಜಾಸ್ತಿ ಜನ ಕಿರುಚ್ತಿದ್ರು, ನುಡಿಸೋರಿಗೆ ಅವರ ಶಬ್ದನೇ ವಾಪಸ್ ಕೇಳಿಸೋ ಈಗಿನ ಥರ ಮಾನಿಟರ್ ವ್ಯವಸ್ಥೆ ಇರ್ಲಿಲ್ಲ, ಅವರವರು ನುಡಿಸಿದ್ದು ಅವರವರಿಗೇ ಕೇಳ್ತಿರ್ಲಿಲ್ಲ. ಆ ಕಾಲದ ಶೋಗಳಲ್ಲಿ ಮುಂದೆ ನಿಂತವರ ಮೈ ಅಲ್ಲಾಡೋದನ್ನ ನೋಡಿ ಹಾಡು ಎಲ್ಲಿದೆ ಅಂತ ಹಿಡೀತಿದ್ದೆ ಅಂತ ರಿಂಗೋ ಸ್ಟಾರ್ ಆಮೇಲೆ ಹೇಳ್ಕೊಂಡಿದ್ದಾರೆ. ನಾನು ಇದನ್ನ ತುಂಬಾ ಹಿಂದೆ ಯಾವುದೋ ಕೋರ್ಸ್‌ನಲ್ಲಿ ಮಾನಿಟರ್ ಚರಿತ್ರೆ ಅಂತ ಓದಿದ್ದೆ, ಆಗ "ಅಯ್ಯೋ ಪಾಪ" ಅಂದ್ಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೆ. ಏನೂ ಕೇಳದೇ ಇದ್ರೂ ಅವರು ಜೊತೇಲಿ ನುಡಿಸಿದ್ರಲ್ಲ ಅನ್ನೋದು ಬಸ್ಸಲ್ಲಿ ಹೊಳೀತು.

ಕ್ಲಿಕ್ ಇಲ್ಲದ ಎರಡು ಬಾರ್

ಮಾರನೇ ದಿನ ನಾಚಿಕೆ ಬಿಟ್ಟು ಅಣ್ಣನ ಹತ್ರ ಹೋದೆ. ಸ್ಟೇಜ್ ಇನ್ನೂ ಅರ್ಧ ಕಟ್ಟಿತ್ತು, ಮೇಲೆ ಲೈಟಿನ ಟ್ರಸ್ ಏರ್ತಿತ್ತು, ನಾವಿಬ್ರೂ ಹಿಂದೆ ಒಂದು ಫ್ಲೈಟ್ ಕೇಸ್ ಮೇಲೆ ಕೂತ್ವಿ. ಅವರು ಡ್ರಮ್ಸ್ ಇಲ್ಲದೆ ಬರೀ ಪ್ರಾಕ್ಟೀಸ್ ಪ್ಯಾಡ್ ಇಟ್ಕೊಂಡ್ರು, ನಾನು ಆಂಪ್ ಇಲ್ಲದೆ ಬೇಸ್. ಫೋನಲ್ಲಿ ಮೆಟ್ರೊನೋಮ್ ಹಾಕಿ ಎರಡು ಬಾರ್ ಕ್ಲಿಕ್ ಬರೋ ಹಾಗೆ, ಆಮೇಲೆ ಎರಡು ಬಾರ್ ಪೂರ್ತಿ ಮೌನ ಇರೋ ಹಾಗೆ ಇಟ್ರು. "ಈಗ ನುಡಿಸು, ಕ್ಲಿಕ್ ವಾಪಸ್ ಬಂದಾಗ ನೀನು ಎಲ್ಲಿರ್ತೀಯ ನೋಡೋಣ" ಅಂದ್ರು. ಮೊದಲ್ನೇ ಸಲ ಕ್ಲಿಕ್ ವಾಪಸ್ ಬಂದಾಗ ನಾನು ಇನ್ನೂ ದಾರೀಲಿದ್ದೆ. ಎರಡನೇ ಸಲಾನೂ ಅಷ್ಟೇ. ಪ್ರತಿ ಸಲ ಹಿಂದೆ, ಒಂದು ಸಲಾನೂ ಮುಂದೆ ಅಲ್ಲ. ಕ್ಲಿಕ್ ಇಲ್ಲದ ಆ ಎರಡು ಬಾರ್‌ನಲ್ಲಿ ನನ್ನ ಬೆರಳು ಯಾರದೋ ಅನುಮತಿಗೆ ಕಾಯ್ತಿತ್ತು. ಅದು ನಂಗೆ ಕಣ್ಣಿಗೆ ಕಾಣೋ ಹಾಗೆ ಗೊತ್ತಾಯ್ತು, ಬೆರಳು ತಂತಿ ಮೇಲೆ ಕೂತು ಒಂದು ಎಳೆಯಷ್ಟು ತಡೆದು ಆಮೇಲೆ ಬಿಡ್ತಿತ್ತು.

ಆಮೇಲೆ ಅವರು ಮೆಟ್ರೊನೋಮ್ ಆಫ್ ಮಾಡಿದ್ರು. "ನನ್ನ ಪ್ಯಾಡ್ ಶಬ್ದ ಕೇಳಬೇಡ, ಭುಜ ನೋಡು." ಸ್ಟಿಕ್ ಪ್ಯಾಡಿಗೆ ತಾಕೋದಕ್ಕೆ ಮುಂಚೆ ಮೊಣಕೈ ಬರುತ್ತೆ, ಮೊಣಕೈಗಿಂತ ಮುಂಚೆ ಭುಜ ಒಂದು ಸ್ವಲ್ಪ ಇಳಿಯುತ್ತೆ, ಅದಕ್ಕೂ ಮುಂಚೆ ಅವರು ಉಸಿರು ಎಳ್ಕೊಳ್ತಾರೆ, ದೊಡ್ಡ ಫಿಲ್‌ಗೆ ಮುಂಚೆ ಅಂತೂ ಗ್ಯಾರಂಟಿ. ಇಷ್ಟು ಹೊತ್ತು ನಾನು ಶಬ್ದವನ್ನೇ ಶುರು ಅಂದ್ಕೊಂಡಿದ್ದೆ, ಅದು ಕೊನೆ. ನನ್ನ ಆನ್‌ಲೈನ್ ಮೇಷ್ಟ್ರನ್ನ ನಾನು ನಾಲ್ಕು ವರ್ಷ ನೋಡಿದ್ದು ಎರಡು ಕೈ, ಒಂದು ಗಿಟಾರ್ ಕುತ್ತಿಗೆ, ಅದೂ ಕ್ಲೋಸಪ್‌ನಲ್ಲಿ. ಅವರಿಗೆ ಭುಜ ಇತ್ತು ಅನ್ನೋದೇ ನಂಗೆ ಗೊತ್ತಿಲ್ಲ. ಅವರ ತಪ್ಪಲ್ಲ, ಬೆರಳು ಕಾಣಲಿ ಅಂತ ಕ್ಯಾಮೆರಾನ ಹತ್ರ ಇಡಿ ಅಂತ ಕೇಳಿದ್ದೇ ನಾನು.

ಕೇಬಲ್ ಎಸೆದ ಕಥೆ

ಟೂರ್ ಕೆಲಸಾನೂ ನಾನು ಅರ್ಧಕ್ಕರ್ಧ ಆನ್‌ಲೈನ್‌ನಲ್ಲೇ ಕಲ್ತಿದ್ದು. ಲೈವ್ ಸೌಂಡ್ ಕೋರ್ಸ್, ಕ್ವಿಜ್, ಸರ್ಟಿಫಿಕೇಟ್ ಎಲ್ಲ ಆಗಿತ್ತು. ಅದರಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳಲ್ಲ, ಹೇಳಿದ್ರೆ ಸುಳ್ಳಾಗುತ್ತೆ. ಸಿಗ್ನಲ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ, ಗೇನ್ ಎಲ್ಲಿ ಹಿಡಿಬೇಕು, ಕೇಬಲ್ ಮೂಲಕವೇ ಮೈಕಿಗೆ ಹೋಗೋ ಫ್ಯಾಂಟಮ್ ಪವರ್ 48 ವೋಲ್ಟ್ ಯಾವ ಮೈಕಿಗೆ ಬೇಕು ಯಾವುದಕ್ಕೆ ಬೇಡ, ಇನ್‌ಪುಟ್ ಲಿಸ್ಟ್‌ನಲ್ಲಿ ಒಂದನೇ ಚಾನೆಲ್‌ಗೆ ಕಿಕ್ ಬರೋದು ಯಾಕೆ ರೂಢಿ, ಇವೆಲ್ಲ ಮನೇಲಿ ಕೂತು ಕಲಿಯೋಕೆ ಹೇಳಿಮಾಡಿಸಿದ ವಿಷಯ. ಡಿಜಿಟಲ್ ಕನ್ಸೋಲ್ ಮಾಡೋರು ಲ್ಯಾಪ್‌ಟಾಪ್‌ಗೆ ಆಫ್‌ಲೈನ್ ಎಡಿಟರ್ ಕೊಡ್ತಾರೆ, ಅದರಲ್ಲಿ ನಾನು ಕನ್ಸೋಲ್ ಮುಟ್ಟೋಕೂ ಮುಂಚೆ ನೂರು ಶೋ ಫೈಲ್ ಮಾಡಿ ಅಳಿಸಿದ್ದೆ. ಮೊದಲನೇ ಸಲ ನಿಜವಾದ ಕನ್ಸೋಲ್ ಮುಂದೆ ನಿಂತಾಗ ಪೇಜ್ ಹುಡುಕಿ ಒದ್ದಾಡ್ಲಿಲ್ಲ, ಅಲ್ಲಿದ್ದ ಸೀನಿಯರ್‌ಗೇ ಆಶ್ಚರ್ಯ ಆಯ್ತು. ಆ ಖುಷಿ ಸಂಜೆವರೆಗೂ ಉಳೀಲಿಲ್ಲ ಅನ್ನೋದು ಬೇರೆ ಮಾತು.

ಆಗಿದ್ದೇನಂದ್ರೆ, ಕೇಬಲ್. ಎಕ್ಸ್‌ಎಲ್‌ಆರ್ ಕೇಬಲ್‌ನ, ಅಂದ್ರೆ ಮೈಕ್ ಕೇಬಲ್‌ನ, ಮೊಣಕೈಗೆ ಸುತ್ತಬಾರದು, ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ ತಿರುವಿ ಹಾಕಬೇಕು, ಆಗ ಒಳಗಿನ ತಂತಿಗೆ ತಿರುಚು ಬೀಳಲ್ಲ, ಎಸೆದ್ರೆ ನೇರ ಬಿಚ್ಚಿಕೊಳ್ಳುತ್ತೆ. ಇದನ್ನ ನಾನು ವಿಡಿಯೋ ನೋಡಿ ನೋಡಿ, ಮನೇಲಿದ್ದ ಒಂದೇ ಒಂದು ಆರು ಮೀಟರ್ ಕೇಬಲ್ ಮೇಲೆ ಕರಗತ ಮಾಡ್ಕೊಂಡಿದ್ದೆ. ಆ ದಿನ ಇಪ್ಪತ್ತು ಮೀಟರಿನ ಕೇಬಲ್ ಒಂದು ಕೈಗೆ ಬಂತು, "ಎಸಿ" ಅಂದ್ರು, ಒಂದು ತುದಿ ಹಿಡಿದು ಸ್ಟೈಲಾಗಿ ಎಸೆದೆ. ಗಾಳೀಲಿ ಚೆಂದ ಬಿಚ್ಕೊಳ್ತು, ನೆಲಕ್ಕೆ ಬಿದ್ದಾಗ ಅದರಲ್ಲಿ ಅಂತರ ಅಳೆದು ಹಾಕಿದ ಹಾಗೆ ಸಾಲಾಗಿ ಗಂಟು, ಮಲ್ಲಿಗೆ ಮಾಲೆ ಥರ. ನಾನು ಹಿಡಿದಿದ್ದು ತಪ್ಪು ತುದಿ, ಅಥವಾ ತುದಿ ಸುರುಳಿಯ ಒಳಗಿಂದ ತೂರಿ ಬಂದಿತ್ತು, ಈ ಸುತ್ತಲ್ಲಿ ಹಂಗಾದ್ರೆ ಪ್ರತಿ ಒಳಸುತ್ತೂ ಒಂದು ಗಂಟಾಗುತ್ತೆ. ವಿಡಿಯೋದಲ್ಲಿ ಇದನ್ನ ಹೇಳಿರ್ಲಿಲ್ವಾ? ಹೇಳಿದ್ರು ಮಾರಾಯ್ರೆ, ಎರಡನೇ ನಿಮಿಷದಲ್ಲಿ ಹೇಳಿದ್ರು. ಆದ್ರೆ ಮನೇಲಿ ಸುತ್ತಿದ್ದೂ ನಾನೇ, ಬಿಚ್ಚಿದ್ದೂ ನಾನೇ, ಯಾವ ತುದಿ ಎಲ್ಲಿದೆ ಅಂತ ನನ್ನ ಕೈಗೇ ಗೊತ್ತಿರ್ತಿತ್ತು. ಇಲ್ಲಿ ನಿನ್ನೆ ರಾತ್ರಿ ಒಂದು ಗಂಟೆಗೆ ಯಾರೋ ಸುತ್ತಿ ತುದಿಗೆ ಕಟ್ಟಿಟ್ಟಿದ್ದನ್ನ ಇವತ್ತು ನಾನು ಬಿಚ್ಚಬೇಕು, ನಾನು ಇವತ್ತು ಸುತ್ತಿದ್ದನ್ನ ನಾಳೆ ಇನ್ಯಾರೋ. ಆ ಇನ್ಯಾರೋ ನನ್ನ ಅಭ್ಯಾಸದಲ್ಲಿ ಇರ್ಲೇ ಇಲ್ಲ. ಆ ಗಂಟುಗಳನ್ನ ಬಿಚ್ತಾ ಮಂಡಿಯೂರಿ ಕೂತಿದ್ದಾಗ ಒಬ್ಬ ಹುಡುಗ ಪಕ್ಕ ಬಂದು ಏನೂ ಹೇಳದೆ ಇನ್ನೊಂದು ತುದಿಯಿಂದ ಶುರು ಮಾಡ್ದ, ನಡುವೆ ಸಿಕ್ಕಾಗ ಇಬ್ರೂ ಎದ್ವಿ.

ಸ್ಟೇಜ್ ಲೆಫ್ಟ್ ಕಥೆ ಹೇಳಬಾರದು ಅಂತಿದ್ದೆ, ಹೇಳ್ತೀನಿ. ಸ್ಟೇಜ್ ಲೆಫ್ಟ್ ಅಂದ್ರೆ ಸಭೆ ಕಡೆ ಮುಖ ಮಾಡಿ ನಿಂತ ಕಲಾವಿದರ ಎಡಗಡೆ. ಕ್ವಿಜ್‌ನಲ್ಲಿ ಇದಕ್ಕೆ ಫುಲ್ ಮಾರ್ಕ್ಸ್. ಮೊದಲನೇ ಲೋಡ್-ಇನ್‌ನಲ್ಲಿ, ಅಂದ್ರೆ ಸಾಮಾನು ಸ್ಟೇಜಿಗೆ ಏರಿಸೋವಾಗ, ಸ್ಟೇಜ್ ಲೆಫ್ಟ್‌ಗೆ ಹೋಗಬೇಕಿದ್ದ ಕೀಬೋರ್ಡ್ ಕೇಸ್‌ನ ಕೆಳಗಿಂದ ರ‍್ಯಾಂಪ್ ಹತ್ತಿಸಿ ತಳ್ಳಿಕೊಂಡು ಹೋಗಿ ಕೂಡಲೇ ನನ್ನ ಎಡಕ್ಕೆ ತಿರುಗಿದೆ. ಯಾಕಂದ್ರೆ ನನ್ನ ಮೈಗೆ ಸ್ಟೇಜ್ ಅಂದ್ರೆ ಇನ್ನೂ ಸ್ಕ್ರೀನೇ, ನಾನು ಯಾವಾಗ್ಲೂ ಎದುರುಗಡೆ ಇರೋನು.

ಯಾರು ಯಾರನ್ನ ನೋಡ್ತಾರೆ

ಒಂದು ವರ್ಷ ಆದ್ಮೇಲೆ ಮಾನಿಟರ್ ಡೆಸ್ಕ್‌ಗೆ ಬಂದೆ, ಅಂದ್ರೆ ಸಭೆಗೆ ಕೇಳೋದಲ್ಲ, ಸ್ಟೇಜ್ ಮೇಲಿರೋರಿಗೆ ಅವರವರ ಕಿವಿಗೆ ಏನು ಬೇಕೋ ಅದನ್ನ ಕೊಡೋ ಕೆಲಸ. ಕೋರ್ಸ್‌ಗಳಲ್ಲಿ "ಒಳ್ಳೆ ಮಿಕ್ಸ್" ಅಂತ ಒಂದು ಇರುತ್ತೆ. ಇಲ್ಲಿ ಆರು ಜನ ಇದ್ರೆ ಆರು ಮಿಕ್ಸ್, ಒಂದನ್ನ ಇನ್ನೊಬ್ಬರಿಗೆ ಕೇಳಿಸಿದ್ರೆ ಅಸಹ್ಯ ಅಂತಾರೆ. ಡ್ರಮ್ಮರ್‌ಗೆ ಕ್ಲಿಕ್ ಮತ್ತು ಬೇಸ್, ಹಾಡೋರಿಗೆ ಅವರ ಧ್ವನಿ ಮತ್ತು ಒಂದು ಶ್ರುತಿ ಹಿಡಿಯೋ ವಾದ್ಯ, ಗಿಟಾರ್‌ನವರಿಗೆ ಬರೀ ಗಿಟಾರ್. ಅದರ ತಾಂತ್ರಿಕ ಭಾಗ ಎಲ್ಲ ಮೊದಲೇ ಗೊತ್ತಿತ್ತು. ಕಾರ್ಡಿಯಾಯ್ಡ್ ಅನ್ನೋ ಬಗೆಯ ಮೈಕಿನ ಕುರುಡು ಜಾಗ, ಅಂದ್ರೆ ಅದಕ್ಕೆ ಶಬ್ದ ತೀರಾ ಕಮ್ಮಿ ಕೇಳೋ ಜಾಗ, ನೇರ ಹಿಂದೆ, ಅದಕ್ಕೆ ವೆಜ್ ಸ್ಪೀಕರ್ (ಹಾಡೋರ ಕಡೆ ಮುಖ ಮಾಡಿ ನೆಲದ ಮೇಲಿಡೋ ಮಾನಿಟರ್) ಅಲ್ಲಿಡಬೇಕು, ಸೂಪರ್‌ಕಾರ್ಡಿಯಾಯ್ಡ್ ಆದ್ರೆ ಕುರುಡು ಜಾಗ ಓರೆಯಲ್ಲಿ, ಹಾಗಾಗಿ ವೆಜ್‌ಗಳನ್ನ ಪಕ್ಕಕ್ಕೆ ಸರಿಸಬೇಕು. ಹಾಡೋರು ಮೈಕಿನ ತಲೆನ ಅಂಗೈಲಿ ಮುಚ್ಚಿ ಹಿಡಿದ್ರೆ ಆ ಕುರುಡು ಜಾಗವೇ ಮಾಯವಾಗಿ ಕುಂಯ್ ಅನ್ನುತ್ತೆ. ಇದನ್ನೆಲ್ಲ ನಾನು ಗಿಣಿ ಥರ ಒಪ್ಪಿಸ್ತಿದ್ದೆ.

ಮೂರನೇ ಶೋನಲ್ಲಿ ಹಾಡುಗಾರ್ತಿ ಪಲ್ಲವಿ ನಡುವೆ ನನ್ನ ಕಡೆ ನೋಡಿದ್ರು. ನಾನು ಆಗ ಸ್ಕ್ರೀನ್ ನೋಡ್ತಿದ್ದೆ, ಒಂದು ಈಕ್ಯೂ ಬಹಳ ಮುತುವರ್ಜಿಯಿಂದ ಸರಿ ಮಾಡ್ತಿದ್ದೆ. ಮತ್ತೆ ನೋಡಿದ್ರಂತೆ. ಚರಣದಲ್ಲಿ ಒಂದು ಕಿವಿಯಿಂದ ಇನ್-ಇಯರ್, ಅಂದ್ರೆ ಮಾನಿಟರ್ ಕೇಳಿಸೋ ಇಯರ್‌ಫೋನ್, ಕಿತ್ತು ಹೆಗಲ ಮೇಲೆ ಹಾಕ್ಕೊಂಡ್ರು, ಅದನ್ನ ಮಾತ್ರ ನೋಡ್ದೆ, ಯಾಕಂದ್ರೆ ಅದು ಎಲ್ಲ ಮಾನಿಟರ್‌ನವರೂ ಹೆದರೋ ದೃಶ್ಯ. ಅದರ ಸಿಗ್ನಲ್ ಹಿಡಿಯೋ, ಅವರ ಸೊಂಟದ ಪ್ಯಾಕ್‌ನ ಬ್ಯಾಟರಿ ಮುಗೀತಾ ಬಂದು ಶಬ್ದ ಹರೀತಿತ್ತು. ಶೋ ಆದ್ಮೇಲೆ ಬೈತಾರೆ ಅಂತ ಕಾಯ್ತಿದ್ದೆ. ಅವರು "ನಾನು ನೋಡ್ದಾಗ ನೀವು ಅಲ್ಲಿರ್ಲಿಲ್ಲ" ಅಂದ್ರು ಅಷ್ಟೇ. ನಾನು ಒಂದು ಹೆಜ್ಜೆನೂ ಕದಲಿರ್ಲಿಲ್ಲ, ಆದ್ರೆ ಅವರು ಹೇಳಿದ್ದು ಸರೀನೇ.

ನಾಲ್ಕು ವರ್ಷ ನಾನು ಜನರನ್ನ ನೋಡಿದ್ದೀನಿ, ಯಾರೂ ನನ್ನ ವಾಪಸ್ ನೋಡಿರ್ಲಿಲ್ಲ. ವಿಡಿಯೋದಲ್ಲಿ ನುಡಿಸೋರು ಲೆನ್ಸ್ ನೋಡ್ತಾರೆ, ಕಾಲ್‌ನಲ್ಲಿ ಮೇಷ್ಟ್ರು ಸ್ಕ್ರೀನ್ ನೋಡ್ತಾರೆ, ಕಣ್ಣಿಗೆ ಕಣ್ಣು ಕೂಡೋದೇ ಇಲ್ಲ. ಆವತ್ತಿಂದ ಶೋ ನಡೀವಾಗ ನಾನು ಸ್ಕ್ರೀನ್ ನೋಡೋದನ್ನ ಹೆಚ್ಚೂ ಕಮ್ಮಿ ಬಿಟ್ಟೆ. ಅವರು ಎರಡನೇ ಚರಣಕ್ಕೆ ಮುಂಚೆ ಎಡಗೈನ ಒಂಚೂರು ಎತ್ತಿದ್ರೆ, ಬೆರಳು ಮೇಲೆ ತೋರಿಸೋಕೆ ಮುಂಚೇನೇ ನನ್ನ ಕೈ ಅವರ ಫೇಡರ್ (ಶಬ್ದ ಏರಿಸಿ ಇಳಿಸೋ ಗುಂಡಿ) ಮೇಲಿರುತ್ತೆ. ಭುಜ ನೋಡು ಅಂದಿದ್ರಲ್ಲ ಅಣ್ಣ, ಇಲ್ಲೂ ಅದೇ ಲೆಕ್ಕ. ಟ್ರಕ್ ತುಂಬೋದೂ ಅಷ್ಟೇ, ನಾಳೆ ಮೊದಲು ಏನು ಇಳೀಬೇಕೋ ಅದನ್ನ ಇವತ್ತು ಕೊನೆಗೆ ಹತ್ತಿಸಬೇಕು, ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ನಾಳೆ ಬೆಳಿಗ್ಗೆಯನ್ನ ತಿರುಗು-ಮುರುಗು ಯೋಚಿಸ್ತಾ.

ಕಿವಿ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಮನೇಲಿ ಕಲಿತೋರು ಇದನ್ನ ಹಗುರವಾಗಿ ತಗೊಳ್ತಾರೆ, ನಾನೂ ತಗೊಂಡಿದ್ದೆ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನೋದು ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡೋ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಶಿಫಾರಸು, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಟೈಮ್ ಅರ್ಧ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಸ್ಟೇಜ್ ಮೇಲೆ ಸಿಂಬಲ್ ಪಕ್ಕ ನೂರು ಅನ್ನೋದು ದೊಡ್ಡ ಮಾತಲ್ಲ. ಮೊದಲನೇ ವಾರ ಇಯರ್‌ಪ್ಲಗ್ ಇಲ್ಲದೆ ತಿರುಗಿ, ರಾತ್ರಿ ಬಸ್ಸಲ್ಲಿ ಕಿವಿ ಒಳಗೆ ಜೀರುಂಡೆ ಕೂಗೋದನ್ನ ಕೇಳ್ತಾ ಮಲಗಿದ್ದೀನಿ.

ಇನ್ನೊಂದು ವಿಷಯ ಹೇಳದಿದ್ರೆ ನಂಗೆ ಸಮಾಧಾನ ಇಲ್ಲ. ದೊಡ್ಡ ಮೈದಾನದ ಶೋಗಳಲ್ಲಿ ಜನರ ನಡುವೆ ಡಿಲೇ ಟವರ್ ನಿಲ್ಲಿಸ್ತಾರೆ. ಸ್ಟೇಜಿಂದ ಎಪ್ಪತ್ತು ಮೀಟರ್ ದೂರದ ಟವರಿಗೆ ಕರೆಂಟ್ ಮೂಲಕ ಸಿಗ್ನಲ್ ಕೂಡಲೇ ಮುಟ್ಟುತ್ತೆ, ಆದ್ರೆ ಸ್ಟೇಜ್ ಸ್ಪೀಕರಿನ ಶಬ್ದ ಗಾಳೀಲಿ ಬರೋಕೆ ಸುಮಾರು 204 ಮಿಲಿಸೆಕೆಂಡ್ ಬೇಕು. ಅದಕ್ಕೆ ಟವರನ್ನ ಬೇಕಂತಲೇ ಅಷ್ಟು ತಡೆದು ಬಿಡ್ತಾರೆ, ಶಬ್ದ ಸ್ಟೇಜ್ ಕಡೆಯಿಂದಲೇ ಬಂತು ಅನ್ನಿಸಲಿ ಅಂತ ಮೇಲೆ ಇನ್ನೂ ಹತ್ತು ಹದಿನೈದು ಸೇರಿಸ್ತಾರೆ. ಮೊದಲ ಸಲ ಆ 204 ಅನ್ನೋ ಅಂಕಿನ ನಾನೇ ಟೈಪ್ ಮಾಡ್ದಾಗ ಮೇಷ್ಟ್ರ ಜೊತೆ ನುಡಿಸೋಕೆ ಹೋಗಿ ತೆವಳಿದ ಆ ಗ್ರೂವ್ ನೆನಪಾಯ್ತು. ಕೆಟ್ಟ ನೆಟ್‌ವರ್ಕ್ ದಿನ ನಮ್ಮಿಬ್ಬರ ನಡುವೆ ಹೆಚ್ಚೂ ಕಮ್ಮಿ ಇಷ್ಟೇ ಇತ್ತೇನೋ. ಎಷ್ಟು ತಡ ಅಂತ ಗೊತ್ತಿದ್ದು, ಅದು ಅಲ್ಲಾಡದೆ ನಿಂತಿದ್ರೆ, ತಡ ಅನ್ನೋದು ಬರೀ ಒಂದು ಸಂಖ್ಯೆ.

ಈಗ

ಟೂರ್ ಇಲ್ಲದ ದಿನಗಳಲ್ಲಿ ನಾನೂ ಆನ್‌ಲೈನ್‌ನಲ್ಲಿ ಬೇಸ್ ಹೇಳಿಕೊಡ್ತೀನಿ, ಮೂರು ಜನಕ್ಕೆ ಮಾತ್ರ. ಕ್ಯಾಮೆರಾನ ದೂರ ಇಡಿ ಅಂತ ಹೇಳ್ತೀನಿ, ನಾನೂ ದೂರ ಇಡ್ತೀನಿ, ಬೆರಳು ಸರಿಯಾಗಿ ಕಾಣಲ್ಲ ಅಂತ ದೂರು ಬರುತ್ತೆ. ಕ್ಲಿಕ್ ಬಂದು ಹೋಗೋ ಅಭ್ಯಾಸ ಮೊದಲನೇ ತಿಂಗಳೇ ಶುರು. ಟ್ರ್ಯಾಕ್ ಅವರ ಕಡೆ ಕಂಪ್ಯೂಟರಿಂದಲೇ ಹಾಕಿಸ್ತೀನಿ, ಅವರು ಅದರ ಜೊತೆ ನುಡಿಸ್ತಾರೆ, ನಾನು ಮ್ಯೂಟ್ ಮಾಡ್ಕೊಂಡು ಕೇಳ್ತೀನಿ, ಆಗ ಟ್ರ್ಯಾಕೂ ಬೇಸೂ ಒಟ್ಟಿಗೇ ನನ್ನ ಕಡೆ ಬರೋದ್ರಿಂದ ಅವರು ಹಿಂದೆ ಇದ್ದಾರೋ ಮುಂದೆ ಇದ್ದಾರೋ ಸರಿಯಾಗಿ ಗೊತ್ತಾಗುತ್ತೆ. ಇಷ್ಟೇ ನಂಗೆ ತೋಚಿರೋ ಉಪಾಯ. ಸಾಧ್ಯ ಆದಷ್ಟು ಬೇಗ ಯಾರದ್ದಾದ್ರೂ ಗ್ಯಾರೇಜ್‌ನಲ್ಲೋ, ಹಾಲ್‌ನಲ್ಲೋ, ಕೆಟ್ಟದಾಗಿ ನುಡಿಸೋ ಡ್ರಮ್ಮರ್ ಆದ್ರೂ ಪರವಾಗಿಲ್ಲ, ಹೋಗಿ ಜೊತೇಲಿ ನಿಂತ್ಕೊಳ್ಳಿ ಅಂತ ಪೀಡಿಸ್ತಾನೂ ಇರ್ತೀನಿ.

ಹೋದ ವಾರ ಅವರಲ್ಲಿ ಚಿಕ್ಕವಳು, ಹದಿನಾಲ್ಕು ವರ್ಷದವಳು, ಒಂದು ಗ್ರೂವ್ ಎಷ್ಟು ಚೆನ್ನಾಗಿ ಹಿಡಿದಿದ್ಲು ಅಂದ್ರೆ ನಾನು ಮ್ಯೂಟ್ ಮಾಡ್ಕೊಳ್ಳೋದನ್ನೇ ಮರೆತು, ತಡೀಲಾರದೆ ಚಪ್ಪಾಳೆ ಹಾಕೋಕೆ ಶುರು ಮಾಡ್ದೆ, ಎರಡನೇ ಬೀಟ್‌ಗೆ ನಾಲ್ಕನೇ ಬೀಟ್‌ಗೆ. ಅವಳು ನಿಲ್ಲಿಸ್ಲಿಲ್ಲ. ನುಡಿಸ್ತಾನೇ ತಲೆ ಎತ್ತಿ, ಸ್ವಲ್ಪ ಸಂಕೋಚದಿಂದ, "ಸಾರ್, ನೀವು ಹಿಂದೆ ಬೀಳ್ತಿದ್ದೀರ" ಅಂದ್ಲು.

ನಾನು ಕೈ ಕೆಳಗಿಳಿಸಿ ಮೈಕ್ ಮ್ಯೂಟ್ ಮಾಡ್ದೆ. ಅವಳು ನಿಧಾನ ಮಾಡ್ಲಿಲ್ಲ.